ಚಿಗವ್ವನ ಸೀರೆಗಳ ಹಾಯಿ

ನಮ್ಮ ದೊಡ್ಡಪ್ಪ ಯಾರ ಮೇಲೂ ಕೈ ಎತ್ತಿದ್ದನ್ನು ನಾನು ನೋಡಿಲ್ಲ. ಹೊಡೆಸುತ್ತಿದ್ದ, ಅಷ್ಟೆ. ಸಂಜೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಪಡಸಾಲೆಯ ಗಾದಿಯ ಮೇಲೆ ಲೋಡಿಗೆ ಒರಗಿ ಕೂತನೆಂದರೆ ಮನೆಯವರೆಲ್ಲ ಬಂದು ಎದುರಿಗೆ ನಿಲ್ಲಬೇಕಿತ್ತು. ಹೆಂಗಸರು ಅಡುಗೆಮನೆಯ ಬಾಗಿಲ ಹಿಂದೆ, ನಾನು ಕಂಬದ ಹತ್ತಿರ. ಅವತ್ತು ಯಾರಿಂದ ಏನು ತಪ್ಪಾಯಿತೆಂದು ಒಬ್ಬರ ಮೇಲೊಬ್ಬರು ಹೇಳಬೇಕು. ಹಾಲು ಉಕ್ಕಿದ್ದು, ಜೋಳದ ಚೀಲಕ್ಕೆ ಇಲಿ ಬಿದ್ದದ್ದು, ಆಳಿನ ಜೊತೆ ನಕ್ಕದ್ದು, ಎಲ್ಲವೂ ಅಲ್ಲಿ ಬರುತ್ತಿತ್ತು. ಅವನು ಎಲ್ಲವನ್ನೂ ಸಮಾಧಾನದಿಂದ ಕೇಳಿ, ಕಣ್ಣು ಮುಚ್ಚಿ, ಶಿಕ್ಷೆ ಹೇಳುತ್ತಿದ್ದ. ದನಿ ಏರಿಸುತ್ತಿರಲಿಲ್ಲ. ಯಾರಿಗೆ ಯಾರ ಮೇಲೆ ಜೀವವೋ ಅವರ ಕೈಯಿಂದಲೇ ಹೊಡೆಸುವುದು ಅವನ ಪದ್ಧತಿ. ನನಗೆ ಹೊಡೆಯಬೇಕಾದಾಗ ಅವ್ವನನ್ನು ಕರೆಯುತ್ತಿದ್ದ. ಅವ್ವನಿಗೆ ಹೊಡೆಯಬೇಕಾದಾಗ, ಅಪ್ಪ ಮಾನ್ವಿಯಿಂದ ಬರುವವರೆಗೆ ಕಾಯುತ್ತಿದ್ದ.

ಗೂಗಲ್‌ನ ಆ ಮನೆ ಕೃಷ್ಣೆಯ ದಂಡೆಯಿಂದ ಕೂಗಳತೆಯಲ್ಲಿತ್ತು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ದೊಡ್ಡ ಬಾಗಿಲು ದಾಟಿದರೆ ಅಂಗಳ, ಅಂಗಳದ ಒಂದು ಬದಿಗೆ ದನದ ಕೊಟ್ಟಿಗೆ, ಎದುರಿಗೆ ಎತ್ತರದ ಪಡಸಾಲೆ, ಅದರ ಹಿಂದೆ ಅಡುಗೆಮನೆ, ದೇವರ ಕೋಣೆ, ಕಾಳಿನ ಕೋಣೆ. ಅಜ್ಜ ಸತ್ತ ಮೇಲೆ ಹೊಲ, ಹತ್ತಿಯ ವ್ಯಾಪಾರ, ಮನೆಯ ಬೀಗದ ಕೈ ಎಲ್ಲ ದೊಡ್ಡಪ್ಪನ ಸೊಂಟಕ್ಕೆ ಬಂದಿತ್ತು. ಅವನ ಹೆಂಡತಿ ಮಕ್ಕಳಿಲ್ಲದೆ ತೀರಿಕೊಂಡಿದ್ದಳು. ನಮ್ಮಪ್ಪ ಅವನ ತಮ್ಮ. ಮಾನ್ವಿಯಲ್ಲಿ ಮನೆತನದ ಹತ್ತಿ ಅಂಗಡಿ ನೋಡಿಕೊಂಡು ಅಲ್ಲಿಯೇ ಒಂದು ಕೋಣೆಯಲ್ಲಿರುತ್ತಿದ್ದ, ಯಾವಾಗಲೋ ಒಮ್ಮೆ ಬರುತ್ತಿದ್ದ. ಮೂರನೆಯವನು ನನ್ನ ಕಾಕಾ. ಮದುವೆಯಾಗಿ ಎರಡನೆಯ ವರ್ಷವೇ ಜ್ವರ ಬಂದು ಹೋಗಿಬಿಟ್ಟ. ಅವನ ಹೆಂಡತಿ ಗೌರವ್ವನನ್ನು ನಾನು ಚಿಗವ್ವ ಎನ್ನುತ್ತಿದ್ದೆ. ಅವಳ ತವರು ಹೊಳೆಯ ಆಚೆ ದಂಡೆಯಲ್ಲಿ, ಶಹಾಪುರದ ಕಡೆ. ಅವಳ ಅಣ್ಣ ಒಮ್ಮೆ ಕರೆದುಕೊಂಡು ಹೋಗಲು ಬಂದಿದ್ದ. ದೊಡ್ಡಪ್ಪ ಅವನಿಗೆ ಹೋಳಿಗೆಯ ಊಟ ಹಾಕಿಸಿ, ಮನೆತನದ ಮರ್ಯಾದೆಯ ಮಾತಾಡಿ, ಒಬ್ಬನನ್ನೇ ಹರಗೋಲು ಹತ್ತಿಸಿ ಕಳಿಸಿದ. ಅವತ್ತಿನಿಂದ ಚಿಗವ್ವ ಹೊಸ್ತಿಲು ದಾಟಿರಲಿಲ್ಲ. ಹಗಲೆಲ್ಲ ಹೊಲಿಯುತ್ತಿದ್ದಳು, ರಾತ್ರಿ ಕಾಳಿನ ಕೋಣೆಯಲ್ಲಿ ಮಲಗುತ್ತಿದ್ದಳು. ನನ್ನ ಲಂಗ, ಆಳುಗಳ ಅಂಗಿ, ಎತ್ತಿನ ಜೂಲು, ಎಲ್ಲ ಅವಳ ಕೈಯದೇ. ದೊಡ್ಡಪ್ಪನ ತಾಯಿ, ನಮ್ಮ ಆಯಿ, ಅವಳಿಗೆ ಊಟ ಎಲ್ಲರಿಗಿಂತ ಕಡೆಗೆ, ತುಪ್ಪವಿಲ್ಲದೆ ಹಾಕಿಸುತ್ತಿದ್ದಳು. ತುಪ್ಪ ತಿಂದರೆ ಪ್ರಾಯದ ಮೈಗೆ ನೆನಪು ಬರುತ್ತದೆ ಎಂದು ಎಲ್ಲರ ಮುಂದೆ ಹೇಳುತ್ತಿದ್ದಳು.

ದೊಡ್ಡಪ್ಪ ಹುಡುಗನಾಗಿದ್ದಾಗ ಹೈದರಾಬಾದಿನಲ್ಲಿ ಓದಲು ಇದ್ದವನು. ಅಲ್ಲಿ ಕೆರೆಯ ಮೇಲೆ ಸಾಹೇಬರು ಹಾಯಿ ಕಟ್ಟಿದ ಸಣ್ಣ ದೋಣಿಗಳಲ್ಲಿ ಓಡಾಡುವುದನ್ನು ನೋಡಿದ್ದನಂತೆ, ಯಾರದೋ ದೋಣಿಯಲ್ಲಿ ಕಲಿತೂ ಇದ್ದನಂತೆ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅಂಥದೊಂದು ದೋಣಿ ರಾಯಚೂರಿನವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಎರಡು ಬಂಡಿಗಳನ್ನು ಜೋಡಿಸಿ ಅದರ ಮೇಲೆ ಗೂಗಲ್‌ಗೆ ಬಂತು. ದಾರಿಗೆ ಅಡ್ಡವಾದ ಬೇವಿನ ಕೊಂಬೆಗಳನ್ನೆಲ್ಲ ಕಡಿಸಿದ್ದರು. ನಮ್ಮ ಅಂಬಿಗರ ಹರಗೋಲಿನ ಹಾಗೆ ದುಂಡಗಲ್ಲ, ಬಾಳೆಹೂವಿನ ಪಕಳೆಯ ಹಾಗೆ ಉದ್ದಕ್ಕೆ, ತುದಿ ಚೂಪಾಗಿತ್ತು. ನಡುವೆ ಕಂಬ, ಕಂಬಕ್ಕೆ ಬಿಳಿಯ ದಪ್ಪ ಹಾಯಿ. ಆದರೆ ದೊಡ್ಡಪ್ಪನಿಗೆ ಬೇಕಾದದ್ದು ಅದಲ್ಲ. ಗಾಳಿ ಬೆನ್ನ ಹಿಂದಿನಿಂದ ಬರುವಾಗ ದೋಣಿಯ ಮುಂದಕ್ಕೆ ಇನ್ನೊಂದು ಹಾಯಿ ಬಿಡುತ್ತಾರೆ, ತೆಳು ಬಟ್ಟೆಯದು, ಬಸುರಿಯ ಹೊಟ್ಟೆಯ ಹಾಗೆ ಉಬ್ಬಿ ನಿಲ್ಲುತ್ತದೆ, ಅದಕ್ಕೆ ಸ್ಪಿನ್ನೇಕರ್ ಎನ್ನುತ್ತಾರೆ ಎಂದು ಅವನು ಹೇಳಿದ. ಆಯಿಗೆ ಆ ಮಾತು ನಾಲಿಗೆಗೆ ಹತ್ತದೆ, ಶಿವನ ಬಿಲ್ಲಿನ ಹೆಸರೆಂದು ತಿಳಿದು ಪಿನಾಕ ಪಿನಾಕ ಎಂದು ಕೈಮುಗಿದಳು. ಮನೆಯಲ್ಲಿ ಅದೇ ಹೆಸರು ನಿಂತಿತು. ದೋಣಿಯ ಜೊತೆ ಬಂದ ಪಿನಾಕ ಮಾತ್ರ ಮಡಿಕೆ ಮಡಿಕೆಗೂ ಇಲಿ ಕಡಿದು ಚಿಂದಿಯಾಗಿತ್ತು. ಯುದ್ಧದ ಕಾಲ, ಉಡುವ ಬಟ್ಟೆಯೇ ಕಂಟ್ರೋಲಿನಲ್ಲಿ ಸಿಗುತ್ತಿತ್ತು, ಅಷ್ಟು ರೇಷ್ಮೆ ಎಲ್ಲಿಂದ ತರುವುದು? ಅವತ್ತು ಸಂಜೆ ದೊಡ್ಡಪ್ಪ ಗಾದಿಯ ಮೇಲೆ ಕೂತು, ಬಾಗಿಲ ಹಿಂದೆ ನಿಂತಿದ್ದ ಚಿಗವ್ವನನ್ನು ಮೆತ್ತಗೆ ಕರೆದ.

“ಗೌರವ್ವಾ, ನಿನ್ನ ಟ್ರಂಕಿನ ಕೀಲಿ ಕೊಡವ್ವಾ.”

ಅದರಲ್ಲಿ ಅವಳ ಮದುವೆಯ ಸೀರೆಗಳಿದ್ದವು. ನಾರಾಯಣಪೇಟೆಯ ರೇಷ್ಮೆ: ಕುಸುಬೆ ಹೂವಿನ ಬಣ್ಣದ್ದು, ಗಿಳಿಹಸಿರಿನದು, ನೇರಳೆಯದು, ಇನ್ನೂ ಕೆಲವು. ಉಡುವ ಹಾಗಿರಲಿಲ್ಲ. ಆದರೆ ಬಿಸಿಲು ಚುರುಕಾದ ದಿನ ಅವಳು ಅವನ್ನು ಹೊರಗೆ ತೆಗೆದು, ಒಂದೊಂದನ್ನೇ ಬಿಚ್ಚಿ, ಮಡಿಕೆ ಬದಲಿಸಿ, ಬೇವಿನೆಲೆ ಹಾಕಿ ತಿರುಗಿ ಇಡುತ್ತಿದ್ದಳು. ಆ ಹೊತ್ತು ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಯಾವ ಸೀರೆ ಯಾರು ಕೊಟ್ಟದ್ದು ಎಂದು ಹೇಳುತ್ತಿದ್ದಳು. ಅವ್ವ ತಲೆ ತಗ್ಗಿಸಿ ನಿಂತಳು. ಆಯಿ ಎಲೆಯಡಿಕೆ ಜಗಿಯುತ್ತ, ಹೇಗೂ ಉಡಲು ಬರುವುದಿಲ್ಲ, ನುಸಿ ತಿನ್ನುವುದನ್ನು ಗಾಳಿ ತಿನ್ನಲಿ ಎಂದಳು. ಚಿಗವ್ವ ಕೀಲಿಯನ್ನು ನನ್ನ ಕೈಗಿಟ್ಟು, ಬಾಗಿಲ ಹಿಂದಿನಿಂದಲೇ ನನ್ನ ಹೆಸರೆತ್ತಿ ಮಾತಾಡಿದಳು.

“ಮದುವಿ ಸೀರಿ ಒಂದು ಬಿಡ್ರಿ ಭಾವಾರ. ನೀಲಾನ ಮದುವಿಗಿ ಕೊಡ್ತೀನಿ.”

“ಗಂಡ ಸತ್ತಾಕಿ ಉಟ್ಟ ಸೀರಿ ಮಗಳ ಮದುವಿಗಿ ಯಾಕವ್ವಾ? ಅದನ್ನ ನಟ್ಟನಡುವ ಹಾಕೋಣ. ನಾಕು ಮಂದಿ ನೋಡ್ಲಿ.”

ಹೊಲಿಯುವ ಕೆಲಸವನ್ನೂ ಅವಳಿಗೇ ಹಚ್ಚಿದ. ದೇವದುರ್ಗದ ದರ್ಜಿಗೆ ಇದು ತಿಳಿಯುವುದಿಲ್ಲ ಎಂದ. ಪಡಸಾಲೆಯ ನೆಲದ ಮೇಲೆ ಸೀರೆಗಳನ್ನು ಹಾಸಿ, ಸುಣ್ಣದ ಕಡ್ಡಿಯಿಂದ ತಾನೇ ಗೆರೆ ಎಳೆದು, ಕತ್ತರಿಯನ್ನು ಅವಳ ಮುಂದೆ ಇಟ್ಟ. ಮೊದಲು ಜರಿಯ ಅಂಚು ಸೆರಗುಗಳನ್ನು ಬಿಚ್ಚಿಸಿದ. ಅವನ್ನು ಅಂಗಳದಲ್ಲಿ ಸುಟ್ಟು, ಉಳಿದ ಬೆಳ್ಳಿಯನ್ನು ಪತ್ತಾರನಿಗೆ ಕೊಟ್ಟು, ತನ್ನ ಇಷ್ಟಲಿಂಗಕ್ಕೆ ಹೊಸ ಕರಡಿಗೆ ಮಾಡಿಸಿಕೊಂಡ. ಚಿಗವ್ವ ಕೈಮಿಷನ್ನಿನ ಮುಂದೆ ಕೂತು ಹೊಲಿದಳು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಪ್ರತಿಯೊಂದು ಜೋಡನ್ನೂ ಮಡಚಿ ಎರಡೆರಡು ಸಲ ಹೊಲಿಯುತ್ತಿದ್ದಳು, ಎಳೆದು ನೋಡುತ್ತಿದ್ದಳು, ಸಡಿಲವೆನಿಸಿದರೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಯಾಕಿಷ್ಟು ಬಡಿದಾಡುತ್ತೀ ಎಂದು ಅವ್ವ ಪಿಸುಗುಟ್ಟಿ ಕೇಳಿದ್ದಕ್ಕೆ, ಹರಿದದ್ದನ್ನು ನೋಡಿ ನಗಬಾರದಲ್ಲ ಅಕ್ಕಾ ಎಂದಳಂತೆ.

ಹಾಯಿ ಹಿಡಿಯಲು ಹಗುರವಾದ ಜೀವ ಬೇಕಿತ್ತು, ನನ್ನನ್ನು ಆರಿಸಿದ. ನಾನು ಆಗ ಒಂಬತ್ತು ಹತ್ತರ ಹುಡುಗಿ. ಮೊದಲು ಅಂಗಳದಲ್ಲೇ ಒಂದು ಬಿದಿರು ನೆಟ್ಟು ಕಲಿಸಿದ. ಪಿನಾಕಕ್ಕೆ ಮೂರು ಮೂಲೆ. ಮೇಲಿನದನ್ನು ಹಗ್ಗದಿಂದ ಕಂಬದ ತುದಿಗೆ ಏರಿಸುವುದು, ಕೆಳಗಿನ ಎರಡಕ್ಕೂ ಒಂದೊಂದು ಹಗ್ಗ, ಒಂದು ಮೂಲೆಯನ್ನು ಗಳುವಿಗೆ ಸಿಕ್ಕಿಸಿ ಗಾಳಿಯ ಕಡೆಗೆ ಚಾಚುವುದು. ಹಾಯಿ ತುಂಬಿದ ಮೇಲೆ ಅದರ ಅಂಚಿನ ಮೇಲಿಂದ ಕಣ್ಣು ತೆಗೆಯಬಾರದು. ಅಂಚು ಎಲೆಯ ಹಾಗೆ ಒಳಕ್ಕೆ ಸುರುಳಿಯಾಗತೊಡಗಿದರೆ ಎಳೆಯಬೇಕು, ಸುಮ್ಮನಿದ್ದರೆ ಸ್ವಲ್ಪ ಸಡಿಲ ಬಿಡಬೇಕು, ಮತ್ತೆ ಎಳೆಯಬೇಕು. ಇಳಿಸುವಾಗ ದೊಡ್ಡ ಹಾಯಿಯ ಮರೆಯಲ್ಲಿ ಬಟ್ಟೆಯನ್ನು ಗಬಗಬನೆ ಮಡಿಲಿಗೆ ಬಾಚಿಕೊಳ್ಳಬೇಕು. ನೀರು ಮುಟ್ಟಿತೋ ಅದು ಚೀಲವಾಗಿ ಹೊಳೆಯನ್ನೇ ಕುಡಿಯುತ್ತದೆ, ದೋಣಿಯನ್ನು ಎಳೆದು ಮಗುಚುತ್ತದೆ. ನನಗೆ ಇದು ಬೇಗ ಬಂತು. ಮುಂಗಾರಿನ ಗಾಳಿ ಬೀಸತೊಡಗಿ, ಹೊಳೆಯಲ್ಲಿ ಹೊಸ ನೀರು ಇನ್ನೂ ಕಡಿಮೆ ಇದ್ದ ದಿನಗಳಲ್ಲಿ ನಾವಿಬ್ಬರೂ ಮೇಲಿನ ಮಡುವಿನಿಂದ ಅಲ್ಲಮಪ್ರಭುವಿನ ಗುಡಿಯ ಹತ್ತಿರದವರೆಗೆ ಹೋಗುತ್ತಿದ್ದೆವು. ಅವನು ಹಿಂದೆ ಚುಕ್ಕಾಣಿ ಹಿಡಿದು ಕೂರುತ್ತಿದ್ದ, ನಾನು ನಡುವೆ. ತಿರುಗಿ ಬರುವಾಗ ಅಂಬಿಗರು ದಂಡೆಯಿಂದ ಹಗ್ಗ ಕಟ್ಟಿ ಎಳೆಯಬೇಕು, ಅವನು ಮಾತ್ರ ಇಳಿಯುತ್ತಿರಲಿಲ್ಲ.

ಒಂದು ದಿನ ಹಗ್ಗ ಅಂಗೈಯನ್ನು ಸುಟ್ಟು ಜಾರಿತು. ಬಿಟ್ಟುಬಿಟ್ಟೆ. ಪಿನಾಕ ನೀರಿಗೆ ಬಿತ್ತು. ಸಂಜೆ ಪಡಸಾಲೆಯಲ್ಲಿ ಅವನು ಅವ್ವನ ಬದಲು ಚಿಗವ್ವನನ್ನು ಕರೆದ. ಅವಳು ನನ್ನ ಕೆನ್ನೆಗೆ ಮುಟ್ಟಿದ ಹಾಗೆ ಮಾಡಿದಳು. ಸಪ್ಪಳ ಕೇಳಲಿಲ್ಲ, ಇನ್ನೊಮ್ಮೆ ಎಂದ. ಅವಳು ಇನ್ನೊಮ್ಮೆ ಹೊಡೆದಳು. ಅದೂ ಸಾಲಲಿಲ್ಲ. ಕಡೆಗೆ ಅವಳು ಹೊಡೆದದ್ದಕ್ಕೆ ನನ್ನ ಕಿವಿಯೊಳಗೆ ಗುಂಯ್ ಎಂದಿತು, ಅವನು ಕರಡಿಗೆ ಮುಟ್ಟಿ ನಮಸ್ಕಾರ ಮಾಡಿಕೊಂಡು ಊಟಕ್ಕೆ ಎದ್ದ. ಮಾರನೆಯ ದಿನದಿಂದ ದೋಣಿಯಲ್ಲಿ ಹಗ್ಗದ ತುದಿಯನ್ನು ನನ್ನ ಬಲಗೈಯ ಮಣಿಕಟ್ಟಿಗೆ ಕಟ್ಟತೊಡಗಿದ.

“ಕೈಗೆ ಬುದ್ಧಿ ಇರಂಗಿಲ್ಲ ಮಗಳ. ಗಂಟಿಗೆ ಇರತದ.”

ಆ ಮೇಲೆ ದೇವದುರ್ಗದ ಕಚೇರಿಯ ಸಾಹೇಬರೊಬ್ಬರನ್ನು ದೊಡ್ಡಪ್ಪ ಊಟಕ್ಕೆ ಕರೆದ. ಅವರಿಗೆ ಪಿನಾಕ ತೋರಿಸಬೇಕಿತ್ತು. ಗುಡಿಯ ಬಳಿ ದಂಡೆಯ ಮೇಲೆ ಕುರ್ಚಿ ಹಾಕಿದ್ದರು, ಊರೇ ಕೂಡಿತ್ತು. ಗಾಳಿ ಬೆಳಗಿನಿಂದ ಹುಚ್ಚು ಹಿಡಿದ ಹಾಗಿತ್ತು. ಅಂಬಿಗರಲ್ಲಿ ಹಿರಿಯನೊಬ್ಬ ಇವತ್ತು ಬೇಡ ಧಣಿ ಎಂದದ್ದು ನನಗೆ ಕೇಳಿಸಿತು. ಮಡುವಿನಿಂದ ಹೊರಟು ಹಾಯಿ ಏರಿಸಿದೆವು. ಅದು ಗಾಳಿಯನ್ನು ಒಮ್ಮೆಲೇ ಬಾಚಿಕೊಂಡು ಡಬ್ಬೆಂದು ತೆರೆದುಕೊಂಡಿತು. ಕುಸುಬೆ, ಹಸಿರು, ನೇರಳೆ, ನಟ್ಟನಡುವೆ ಮದುವೆಯ ಕೆಂಪು. ದಂಡೆಯ ಹೆಂಗಸರು ಆ ಸೀರೆಗಳನ್ನು ಗುರುತಿಸಿದರು. ಅವರಲ್ಲಿ ಎಷ್ಟೋ ಜನ ಆ ಮದುವೆಯಲ್ಲಿ ಉಂಡವರೇ. ಗೌರವ್ವ ಹೊಳೆಗೆ ಬಂದಳು ನೋಡ್ರೇ ಎಂದು ಒಬ್ಬಳು ಅಂದಳು, ನಗೆ ನೀರಿನ ಮೇಲೆ ಹಾಯ್ದು ಬಂದು ನನಗೆ ಮುಟ್ಟಿತು. ಆಗಲೇ ಗಾಳಿ ದಿಕ್ಕು ಬದಲಿಸಿ ಬದಿಯಿಂದ ಹೊಡೆಯಿತು. ಹಗ್ಗ ಬಿಟ್ಟರೆ ಹಾಯಿ ಖಾಲಿಯಾಗಿ ದೋಣಿ ನೆಟ್ಟಗಾಗುತ್ತದೆಂದು ನನಗೆ ಗೊತ್ತಿತ್ತು. ಬೆರಳು ಬಿಟ್ಟೆ, ಗಂಟು ಬಿಡಲಿಲ್ಲ. ಪಿನಾಕ ನನ್ನ ಕೈಯನ್ನು ಹಿಡಿದು ದೋಣಿಯಿಂದಾಚೆ ಎತ್ತಿತು. ಮೊಣಕೈಯಲ್ಲಿ ಒಣ ಕಟ್ಟಿಗೆ ಮುರಿದ ಸಪ್ಪಳವಾಯಿತು. ದೋಣಿ ಮಗುಚಿತು. ನೀರಿನೊಳಗೆ ಸುತ್ತಲೂ ರೇಷ್ಮೆ. ಬಾಯಿಗೆ, ಮೂಗಿಗೆ, ಕಣ್ಣಿಗೆ ಮೆತ್ತಿಕೊಂಡು ಎಲ್ಲಿ ಕೈ ಹಾಕಿದರೂ ಸೀರೆಯೇ ಸಿಗುತ್ತಿತ್ತು. ಅಂಬಿಗರು ಹರಗೋಲು ತಂದು, ಕುಡುಗೋಲಿನಿಂದ ಹಗ್ಗ ಕೊಯ್ದು ನನ್ನನ್ನು ಮೇಲಕ್ಕೆಳೆದರು. ದೊಡ್ಡಪ್ಪ ಮಗುಚಿದ ದೋಣಿಯ ಬೆನ್ನು ತಬ್ಬಿಕೊಂಡಿದ್ದ. ಅವನು ಮೊದಲು ಕೇಳಿದ್ದು ಪಿನಾಕ ಸಿಕ್ಕಿತೇ ಎಂದು.

ಸಾಹೇಬರು ಉಂಡು ಹೋದ ಮೇಲೆ ಅವತ್ತಿನ ಸಂಜೆಯೂ ಪಡಸಾಲೆಯಲ್ಲಿ ನಿಲ್ಲಬೇಕಾಯಿತು. ನನ್ನ ಕೈ ಬಾತು ಕುಂಬಳಕಾಯಿಯಾಗಿತ್ತು, ಅವ್ವ ಅದನ್ನು ಸೆರಗಿನಲ್ಲಿ ಕಟ್ಟಿ ನನ್ನ ಕೊರಳಿಗೆ ಹಾಕಿದ್ದಳು. ಹೊಲಿಗೆ ಬಿಚ್ಚಿಕೊಂಡದ್ದರಿಂದಲೇ ಹೀಗಾಯಿತು ಎಂದ ದೊಡ್ಡಪ್ಪ, ಹೊಟ್ಟೆಕಿಚ್ಚಿಗೆ ಯಾರೋ ಬೇಕೆಂದೇ ಸಡಿಲ ಹೊಲಿದಿದ್ದಾರೆ ಎಂದ. ಬಾಗಿಲ ಹಿಂದಿನಿಂದ ಚಿಗವ್ವನ ಮಾತು ಬಂತು.

“ಒಂದು ಹೊಲಿಗಿನೂ ಬಿಚ್ಚಿಲ್ರಿ. ಬೇಕಾದ್ರ ತೆಗೆದು ನೋಡ್ರಿ.”

ಅವನು ಒದ್ದೆ ಪಿನಾಕವನ್ನು ತರಿಸಿ, ಲಾಟೀನು ಹಿಡಿಸಿ, ಜೋಡು ಜೋಡನ್ನೂ ಬೆರಳಿನಿಂದ ಸವರುತ್ತ ನೋಡಿದ. ಬಹಳ ಹೊತ್ತು ನೋಡಿದ. ಎಲ್ಲಿಯೂ ಒಂದು ನೂಲು ಕೂಡ ಎದ್ದಿರಲಿಲ್ಲ. ಖರೆ ಹೇಳಿದಿ ಗೌರವ್ವಾ, ನಿನ್ನ ತಪ್ಪಿಲ್ಲ, ಹಂಗಾದರೆ ತಪ್ಪು ಹಗ್ಗ ಹಿಡಿದವಳದು ಎಂದ. ಅವ್ವನನ್ನು ಕರೆದ. ಅವ್ವ ನನ್ನ ಮುಂದೆ ಬಂದು ನಿಂತಳು. ಕೂಸಿನ ಕೈ ಮುರಿದದ ಎಂದು ಅವಳು ಅನ್ನುತ್ತಾಳೆಂದು ನಾನು ಕಾದೆ. ಅವಳು ಹೊಡೆದಳು. ಒಂದೇ ಸಲಕ್ಕೆ ಸಾಕಾಗುವ ಹಾಗೆ ಹೊಡೆದಳು, ಎರಡನೆಯದು ಬೀಳಬಾರದೆಂದು. ಇದು ನನಗೆ ಅರ್ಥವಾಗಲು ನಾನೇ ತಾಯಿಯಾಗಬೇಕಾಯಿತು. ಅರ್ಥವಾದರೂ ಆ ಪೆಟ್ಟು ಕಡಿಮೆಯಾಗಲಿಲ್ಲ.

ಎಲುಬು ಕಟ್ಟುವ ಮುದುಕ ಮಾರನೆಯ ದಿನ ಬಂದ. ಬಿದಿರಿನ ಸೀಳು ಕಟ್ಟಿ, ಮೇಲೆ ಕೋಳಿಮೊಟ್ಟೆಯ ಲೋಳೆ ಹಿಟ್ಟು ಕಲಸಿ ಮೆತ್ತಿದ. ಮೊಟ್ಟೆ ಮುಟ್ಟಿದ ಮೈ ಒಳಗೆ ಬರಕೂಡದೆಂದು ಆಯಿ ನನ್ನ ಹಾಸಿಗೆಯನ್ನು ದನದ ಕೊಟ್ಟಿಗೆಗೆ ಹಾಕಿಸಿದಳು. ಕಟ್ಟು ಬಿಚ್ಚುವವರೆಗೆ ನಾನು ಅಲ್ಲಿಯೇ, ಎಮ್ಮೆಗಳ ಉಸಿರು ಕೇಳುತ್ತ, ಸೊಳ್ಳೆ ಕಡಿಸಿಕೊಳ್ಳುತ್ತ ಬಿದ್ದಿದ್ದೆ. ಅವ್ವನಿಗೆ ದೇವರ ಕೋಣೆಯ, ಅಡುಗೆಯ ಕೆಲಸವಿದ್ದದ್ದರಿಂದ ನನ್ನನ್ನು ಮುಟ್ಟುವ ಹಾಗಿರಲಿಲ್ಲ. ಆ ಕೆಲಸಗಳಿಗೆ ಸೇರಿಸದ ಚಿಗವ್ವ ಮುಟ್ಟಬಹುದಿತ್ತು. ಅವಳು ರೊಟ್ಟಿಯನ್ನು ಹಾಲಿನಲ್ಲಿ ಹಿಚುಕಿ ತಿನ್ನಿಸುತ್ತಿದ್ದಳು, ತಲೆ ಬಾಚುತ್ತಿದ್ದಳು. ಒಂದು ದಿನ ಕೂದಲ ಸಿಕ್ಕು ಬಿಡಿಸುತ್ತ, ನನ್ನ ಮುಖ ನೋಡದೆ ಹೇಳಿದಳು.

“ಒಂದು ಹೊಲಿಗಿ ಸಡಲ ಬಿಟ್ಟಿದ್ರ ಹಾಯಿ ಹರಿದು ಹೋಗತಿತ್ತು. ನಿನ್ನ ಕೈ ಉಳೀತಿತ್ತು.”

ದೊಡ್ಡಪ್ಪ ಹಾಯಿ ಹಿಡಿಯಲು ಇನ್ನು ಗೌರವ್ವನೇ ಬರಲಿ ಎಂದು ಹೇಳಿದ್ದು ಆ ವಾರವೇ. ಊರು ಅವಳ ಸೀರೆಗಳನ್ನು ನೋಡಿ ನಕ್ಕಿದೆ, ಇನ್ನು ಅವಳನ್ನೂ ನೋಡಲಿ ಎಂಬುದು ಅವನ ಇಚ್ಛೆಯಾಗಿತ್ತೆಂದು ನಾನು ತಿಳಿದಿದ್ದೇನೆ. ಆಯಿ ಕೂಡ, ಗಂಡ ಸತ್ತವಳನ್ನು ಹೊಳೆಗೆ ಕರೆದೊಯ್ಯುವುದೇ ಎಂದು ಒಮ್ಮೆ ಅಡ್ಡ ಮಾತಾಡಿ ಸುಮ್ಮನಾದಳು. ಚಿಗವ್ವ ಇಲ್ಲವೆನ್ನಲಿಲ್ಲ. ಕೊಟ್ಟಿಗೆಗೆ ಬಂದು ನನ್ನ ಹತ್ತಿರ ಕೂತು ಎಲ್ಲ ಕಲಿತಳು. ಎಮ್ಮೆಯ ಗೂಟಕ್ಕೆ ಹಗ್ಗ ಕಟ್ಟಿ ಎಡಗೈಯಲ್ಲಿ ತೋರಿಸಿದೆ. ಅಂಚು ಸುರುಳಿಯಾದರೆ ಏನು, ಗಾಳಿ ಬದಿಗೆ ಬಂದರೆ ಏನು ಎಂದು ಕೇಳುತ್ತ ಹೋದಳು.

“ಎರಡೂ ಹಗ್ಗ ಬಿಟ್ಟುಬಿಟ್ರ?”

ಹಾಯಿ ಮುಂದಕ್ಕೆ ಬಾವುಟದ ಹಾಗೆ ಹಾರುತ್ತದೆ, ದೋಣಿಗೆ ಬಲ ಹೋಗುತ್ತದೆ, ನೀರು ಒಯ್ದ ಕಡೆ ಹೋಗಬೇಕು ಎಂದೆ. ದೊಡ್ಡಪ್ಪ ಹಿಡಿಯುವುದಿಲ್ಲವೇ ಎಂದಳು. ಹಗ್ಗ ಹಿಡಿಯಲು ಬಂದರೆ ಚುಕ್ಕಾಣಿ ಬಿಡಬೇಕಲ್ಲ ಎಂದೆ. ಅವಳು ಹೂಂ ಎಂದು ನನ್ನ ಜಡೆಯ ತುದಿಗೆ ಗಂಟು ಹಾಕಿದಳು. ದೋಣಿ ಹತ್ತುವ ಮೊದಲು, ಕೈಗೆ ಹಗ್ಗ ಕಟ್ಟಿಸಿಕೊಳ್ಳುವುದಿಲ್ಲ, ಕಟ್ಟುವುದಾದರೆ ನೀವು ನನ್ನ ಮಣಿಕಟ್ಟು ಹಿಡಿಯಬೇಕಾಗುತ್ತದೆ ಎಂದು ಅಂಬಿಗರೆಲ್ಲರ ಎದುರಿಗೆ ಅವಳು ದೊಡ್ಡಪ್ಪನಿಗೆ ಹೇಳಿದಳಂತೆ. ತಮ್ಮನ ಹೆಂಡತಿಯ ಕೈ ಹಿಡಿಯುವಂತಿರಲಿಲ್ಲ. ಅವನು ಕಟ್ಟಲಿಲ್ಲ.

ಮುಂದಿನದನ್ನು ಹೇಳಿದವರು ಅಂಬಿಗರು, ದೊಡ್ಡಪ್ಪ ಅದರ ಬಗ್ಗೆ ಬಾಯಿ ಬಿಡಲಿಲ್ಲ. ಮೊದಲ ಕೆಲವು ದಿನ ಚಿಗವ್ವ ಹಾಯಿಯನ್ನು ನನಗಿಂತ ಚೆನ್ನಾಗಿ ಹಿಡಿದಳು. ಬಿಳಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವನಿಗೆ ಬೆನ್ನು ಮಾಡಿ, ತನ್ನ ಸೀರೆಗಳನ್ನು ತಲೆ ಎತ್ತಿ ನೋಡುತ್ತ ಕೂರುತ್ತಿದ್ದಳು. ದಂಡೆಯವರು ನಕ್ಕು ನಕ್ಕು ಸಾಕಾಗಿ ಬಿಟ್ಟರು. ಒಂದು ದಿನ ಹೊಳೆ ಸ್ವಲ್ಪ ಏರಿತ್ತು. ದೋಣಿ ನಡುಹೊಳೆ ದಾಟಿ ಆಚೆ ದಂಡೆಯ ಕಡೆಗೆ ವಾಲಿದ ಹೊತ್ತಿನಲ್ಲಿ ಅವಳು ಎರಡೂ ಹಗ್ಗ ಬಿಟ್ಟಳು. ಪಿನಾಕ ಪಟಪಟ ಹಾರತೊಡಗಿತು. ಅವನು ಎಳೆ ಎಂದ. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅವನು ಎದ್ದು ಹಗ್ಗಕ್ಕೆ ಕೈ ಚಾಚಿದ, ದೋಣಿ ತಿರುಗಿತು, ಹೆದರಿ ಚುಕ್ಕಾಣಿಗೆ ಮರಳಿದ. ಹೀಗೇ ನೀರು ಒಯ್ದು ಆಚೆ ದಂಡೆಯ ಮರಳಿಗೆ ದೋಣಿ ಹತ್ತಿತು. ಅವಳು ಮೊಣಕಾಲು ನೀರಿನಲ್ಲಿ ಇಳಿದು, ಮರಳು ದಾಟಿ, ಜಾಲಿಯ ಗಿಡಗಳ ನಡುವೆ ನಡೆದುಹೋದಳು. ಒಮ್ಮೆಯೂ ಹಿಂದಕ್ಕೆ ನೋಡಲಿಲ್ಲ ಎಂದು ಅಂಬಿಗರು ಹೇಳಿದರು. ದೊಡ್ಡಪ್ಪ ಗೌರವ್ವಾ ಗೌರವ್ವಾ ಎಂದು ಕೂಗಿದನಂತೆ. ಅವನು ದನಿ ಏರಿಸಿದ್ದನ್ನು ಊರು ಕೇಳಿದ್ದು ಅದೊಂದೇ ಸಲ.

ಅವಳು ತವರು ಮುಟ್ಟಿದಳೆಂದು ಕೆಲವರು, ಅಲ್ಲಿಯೂ ಇರಲು ಬಿಡಲಿಲ್ಲವೆಂದು ಕೆಲವರು ಹೇಳಿದರು. ಯಾವ ಊರಿನಲ್ಲೋ ಹೊಲಿಗೆ ಹಾಕಿಕೊಂಡು ಇದ್ದಾಳೆಂಬ ಮಾತೂ ಬಂತು. ನಾನು ಅವಳನ್ನು ಮತ್ತೆ ಕಾಣಲಿಲ್ಲ. ದೋಣಿ ಮರಳಿನಲ್ಲೇ ಉಳಿದಿತ್ತು, ದೊಡ್ಡ ಹೊಳೆ ಬಂದಾಗ ಹೋಯಿತು. ಆಯಿ, ಸತ್ತವರ ಮನೆಯಲ್ಲಿ ಮಾಡುವ ಹಾಗೆ, ಎಲ್ಲರಿಗೂ ತಲೆಸ್ನಾನ ಮಾಡಿಸಿದಳು. ಚಿಗವ್ವನ ಹೆಸರು ಎತ್ತಬಾರದು ಎಂದಾಯಿತು. ಆದರೆ ಅವಳು ಮಾಡುತ್ತಿದ್ದ ಕೆಲಸಗಳು ಮನೆಯಲ್ಲಿ ಹಾಗೇ ಇದ್ದವು. ಒಂದೊಂದಾಗಿ ಅವೆಲ್ಲ ಅವ್ವನಿಗೆ ಬಂದವು. ಕಾಳಿನ ಕೋಣೆಯಲ್ಲಿ ಮಲಗುವುದು ಬಂತು, ಕಡೆಯ ಊಟ ಬಂತು. ಗಂಡ ಬದುಕಿರುವವಳಿಗೆ ಯಾಕೆ ತುಪ್ಪ ನಿಲ್ಲಿಸಿದಿರಿ ಎಂದು ಕೇಳುವವರು ಯಾರೂ ಇರಲಿಲ್ಲ. ಓಡಿಹೋದವಳಿಗೆ ದಾರಿ ಹೇಳಿಕೊಟ್ಟವಳ ತಾಯಿ ಎಂದು ಆಯಿ ಅನ್ನುತ್ತಿದ್ದಳು. ನನ್ನ ಕಟ್ಟು ಬಿಚ್ಚಿದಾಗ ಕೈ ಮೊಣಕೈಯಲ್ಲಿ ಅಡ್ಡಕ್ಕೆ ಕೂಡಿಕೊಂಡಿತ್ತು. ನೆಟ್ಟಗೆ ಆಗಲೇ ಇಲ್ಲ.

ಅಪ್ಪ ಮಾನ್ವಿಯಿಂದ ಬಂದ. ನನ್ನ ಕೈಯನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ನೋಡಿದ, ನೋವಾಗುತ್ತದೆಯೇ ಎಂದು ಕೇಳಿದ. ಅವ್ವನನ್ನೂ ನೋಡಿದ. ಅಂಗಳದಲ್ಲಿ ಕಾಲು ತೊಳೆಯಲು ನೀರು ಕೊಡುತ್ತ ನಾನು ಮೆಲ್ಲಗೆ ಹೇಳಿದೆ.

“ಯಪ್ಪಾ, ನಮ್ಮನ್ನ ಮಾನ್ವಿಗಿ ಕರಕೊಂಡು ಹೋಗು.”

“ಅಣ್ಣನ್ನ ಕೇಳಿ ನೋಡ್ತೀನಿ ಮಗಳ.”

ಕೇಳಿದ. ನಾನು ಕಂಬದ ಹಿಂದೆ ನಿಂತು ಕೇಳಿಸಿಕೊಂಡೆ. ದೊಡ್ಡಪ್ಪ ಅವನನ್ನು ಗಾದಿಯ ಮೇಲೆ ಪಕ್ಕದಲ್ಲಿ ಕೂಡಿಸಿಕೊಂಡು, ತಾನೇ ಎಲೆಗೆ ಸುಣ್ಣ ಹಚ್ಚಿ ಕೊಟ್ಟು, ಆ ಸಣ್ಣ ಕೋಣೆಯಲ್ಲಿ ಹೆಂಗಸರು ಮಕ್ಕಳು ಹೇಗಿರಬೇಕಪ್ಪಾ, ಇಲ್ಲಿ ಏನು ಕಡಿಮೆಯಾಗಿದೆ ಎಂದ. ಅಪ್ಪ ಎಲೆಯನ್ನು ಬಾಯಿಗಿಟ್ಟುಕೊಂಡ. ಇಬ್ಬರೂ ಹತ್ತಿಯ ಧಾರಣೆಯ ಮಾತಿಗೆ ಹೊರಳಿದರು. ಊಟದ ಹೊತ್ತಿಗೆ ಅಣ್ಣ ತಮ್ಮ ಒಟ್ಟಿಗೆ ಕೂತರು, ಅವ್ವ ಬಡಿಸಿದಳು. ಮರುದಿನ ಅವ್ವ ನಾನು ಇಬ್ಬರೂ ಏಳುವಷ್ಟರಲ್ಲಿ ಅಪ್ಪನ ಬಂಡಿ ಊರು ದಾಟಿತ್ತು.